ರಕ್ತ ಹೇಳಿದ ಸಾಕ್ಷಿ

ರೋಗಗಳಲ್ಲಿ ಎರಡು ಜಾತಿಗಳುಂಟು. ಒಂದು ಜಾತಿಯವು ಡಂಗುರ ಹೊಡೆದುಕೊಂಡೇ ಬರುತ್ತವೆ. ಹಲ್ಲುನೋವು ಬಂದವನಿಗೆ ಅದು ಬಂದಿದೆಯೆಂದು ಯಾರೂ ಹೇಳಬೇಕಾಗಿಲ್ಲ. ಚಳಿಜ್ವರ ಹಿಡಿದವನ ಮಂಚವೇ ನಡುಗಿ ಮನೆಯವರಿಗೆ ಸುದ್ದಿ ಮುಟ್ಟಿಸುತ್ತದೆ. ಇನ್ನೊಂದು ಜಾತಿಯವು ಗೆದ್ದಲಿನ ಹಾಗೆ. ಮೇಲೆ ಬಣ್ಣ ಬಳಿದ ಬಾಗಿಲು ಹೊಳೆಯುತ್ತಲೇ ಇರುತ್ತದೆ. ಒಳಗೆ ಮರ ಹಿಟ್ಟಾಗುತ್ತಿರುತ್ತದೆ. ಮಧುಮೇಹ ಈ ಎರಡನೆಯ ಜಾತಿಗೆ ಸೇರಿದ್ದು. ಆ ರೋಗವುಳ್ಳವನು ಊಟ ಮಾಡುತ್ತಾನೆ, ಕಚೇರಿಗೆ ಹೋಗುತ್ತಾನೆ, ಮದುವೆಯ ಮನೆಯಲ್ಲಿ ನಾಲ್ಕು ಜನರೊಡನೆ ಕುಳಿತು ನಗುತ್ತಾನೆ. ಹತ್ತು ಹದಿನೈದು ವರ್ಷಗಳ ಮೇಲೆ ಒಂದು ದಿನ ಪತ್ರಿಕೆಯ ಅಕ್ಷರ ಮಸುಕಾಗುತ್ತದೆ; ಅಂಗಾಲಿಗೆ ಚುಚ್ಚಿದ ಮುಳ್ಳು ಗೊತ್ತಾಗುವುದಿಲ್ಲ; ಮೂತ್ರಪಿಂಡಗಳು ಸೋತಿವೆಯೆಂದು ವೈದ್ಯರು ತಲೆಯಲ್ಲಾಡಿಸುತ್ತಾರೆ. ಕಳೆದ ಆ ಹದಿನೈದು ವರ್ಷಗಳ ಲೆಕ್ಕವನ್ನು ಆಗ ಯಾರನ್ನು ಕೇಳುವುದು?

ಆ ಲೆಕ್ಕವನ್ನು ಬರೆದಿಡುವ ಗುಮಾಸ್ತನೊಬ್ಬ ನಮ್ಮ ರಕ್ತದಲ್ಲಿಯೇ ಇದ್ದಾನೆ ಎಂಬ ಸಂಗತಿ ಹೊರಬಿದ್ದದ್ದು ೧೯೬೮ರಲ್ಲಿ. ನಾನು ವೈದ್ಯನಲ್ಲ; ಈ ರೋಗದೊಡನೆ ಬಹುಕಾಲದಿಂದ ಸಂಸಾರ ಮಾಡಿಕೊಂಡಿರುವ ಒಬ್ಬ ಗೃಹಸ್ಥ, ಅಷ್ಟೆ. ಪರೀಕ್ಷಾಲಯದಿಂದ ಬರುವ ಚೀಟಿಯಲ್ಲಿ ‘ಎಚ್‌ಬಿ ಎ-ಒನ್-ಸಿ’ ಎಂದು ಅಚ್ಚಾದ ಸಾಲೊಂದಿರುತ್ತದೆ. ರೈಲು ಡಬ್ಬಿಯ ಮೇಲೆ ಬರೆದ ಗುರುತಿನಂತಿರುವ ಈ ಹೆಸರಿನ ಹಿಂದೆ ಯಾರಿದ್ದಾರೆಂದು ತಿಳಿಯುವ ಕುತೂಹಲದಿಂದ ಓದತೊಡಗಿದೆ. ಓದುತ್ತ ಹೋದಂತೆ, ಅರ್ಧ ಶತಮಾನಕ್ಕೂ ಮೇಲ್ಪಟ್ಟು ತೀರ್ಮಾನವಾಗದೆ ನಡೆದ ಒಂದು ವ್ಯಾಜ್ಯವೂ, ಕೊನೆಗೆ ಅದನ್ನು ತೀರಿಸಿದ ಒಂದು ಸಾಕ್ಷಿಯೂ ಕಣ್ಣಿಗೆ ಬಿದ್ದವು. ಆ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ರೋಗದ ವಿಷಯದಲ್ಲಿ ಮೊಟ್ಟಮೊದಲು ಸಾಕ್ಷಿ ಹೇಳಿದವು ಇರುವೆಗಳು. ಶರೀರಕ್ಕೂ ಮೂತ್ರಕ್ಕೂ ಇರುವೆ ದುಂಬಿಗಳು ಮುತ್ತುವುದು ಪ್ರಮೇಹದ ಮುನ್ಸೂಚನೆಯೆಂದು ಚರಕಸಂಹಿತೆಯಲ್ಲಿ ಹೇಳಿದೆ. ಇಂಗ್ಲೆಂಡಿನ ಥಾಮಸ್ ವಿಲಿಸ್ ೧೭ನೆಯ ಶತಮಾನದಲ್ಲಿ ರೋಗಿಯ ಮೂತ್ರ ಜೇನಿನಂತೆ ಸಿಹಿಯಾಗಿರುತ್ತದೆಂದು ಬರೆದರು. ೧೭೭೬ರಲ್ಲಿ ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಬತ್ತಿಸಿ, ತಳದಲ್ಲಿ ಉಳಿದದ್ದು ಸಕ್ಕರೆಯೇ ಎಂದು ತೋರಿಸಿದರು. ರೋಗಿಯ ರಕ್ತದ ತಿಳಿನೀರೂ ಸಿಹಿಯೆಂಬುದನ್ನು ಕಂಡುಕೊಂಡರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟರ ನೀಲಿ ದ್ರವ ಬಂತು. ಹಳೆಯ ತಲೆಮಾರಿನ ಮನೆಗಳಲ್ಲಿ ಅದರ ನೆನಪು ಇನ್ನೂ ಉಳಿದಿರಬಹುದು: ಸ್ಪಿರಿಟ್ ದೀಪ, ಗಾಜಿನ ನಳಿಗೆ, ಒಂದಿಷ್ಟು ನೀಲಿ ದ್ರವ, ಎಂಟು ತೊಟ್ಟು ಮೂತ್ರ. ಕಾಯಿಸಿದಾಗ ನೀಲಿ ನೀಲಿಯಾಗಿಯೇ ಉಳಿದರೆ ಮನೆಮಂದಿಗೆಲ್ಲ ಸಮಾಧಾನ. ಹಸಿರಿಗೆ ತಿರುಗಿದರೆ ಅನುಮಾನ. ಹಳದಿ, ಕಿತ್ತಳೆ ಬಣ್ಣಗಳನ್ನು ದಾಟಿ ಇಟ್ಟಿಗೆಗೆಂಪಾದರೆ ಅಡುಗೆಮನೆಯ ಸಿಹಿತಿಂಡಿ ಡಬ್ಬಗಳಿಗೆ ಬೀಗ.

ಈ ಸಾಕ್ಷಿಗೆ ದೋಷಗಳಿದ್ದವು. ನೂರು ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ ಸುಮಾರು ೧೮೦ ಮಿಲಿಗ್ರಾಂ ದಾಟುವ ತನಕ ಮೂತ್ರಪಿಂಡಗಳು ಅದನ್ನು ಸಾಮಾನ್ಯವಾಗಿ ಹೊರಕ್ಕೆ ಬಿಡುವುದಿಲ್ಲ. ಆದ್ದರಿಂದ ನಳಿಗೆ ನೀಲಿಯಾಗಿದ್ದರೂ ರಕ್ತದಲ್ಲಿ ಸಕ್ಕರೆ ಮಿತಿಮೀರಿರಬಹುದು. ಮುಂದೆ ನೇರವಾಗಿ ರಕ್ತವನ್ನೇ ಪರೀಕ್ಷಿಸುವ ವಿಧಾನಗಳು ಬಂದವು. ಅವು ನಿಖರವಾದವು, ನಿಜ. ಆದರೆ ಅವು ಹೇಳುವುದು ಸೂಜಿ ಚುಚ್ಚಿದ ಆ ಗಳಿಗೆಯ ಮಾತನ್ನು ಮಾತ್ರ. ಇಡೀ ರಥೋತ್ಸವದ ಒಂದೇ ಒಂದು ಛಾಯಾಚಿತ್ರವನ್ನು ನೋಡಿ, ತೇರು ಎಲ್ಲಿಂದ ಹೊರಟಿತು, ಎಲ್ಲೆಲ್ಲಿ ನಿಂತಿತು ಎಂದು ಹೇಳಲಾದೀತೆ?

ಇದರ ಜೊತೆಗೆ ಮನುಷ್ಯ ಸ್ವಭಾವವೂ ಸೇರಿಕೊಂಡಿತು. ಇನ್‌ಸ್ಪೆಕ್ಟರು ಬರುವ ದಿನ ಶಾಲೆಯ ಗೋಡೆಗೆ ಸುಣ್ಣ ಬೀಳುವುದು ಹೇಗೋ, ವೈದ್ಯರನ್ನು ಕಾಣುವ ಮುಂಚಿನ ಎರಡು ದಿನ ಮಧುಮೇಹಿಯ ತಟ್ಟೆಯಲ್ಲಿ ಸಂಯಮ ಬೀಳುವುದೂ ಹಾಗೆಯೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೂ ನಳಿಗೆ ನೀಲಿಯಾಗಿಯೇ ಇರುತ್ತಿತ್ತು. ಇದಕ್ಕಿಂತ ದುಃಖದ ಸಂಗತಿಯೂ ಒಂದಿತ್ತು. ಮೂರು ತಿಂಗಳು ನಿಯಮದಿಂದ ನಡೆದುಕೊಂಡವಳಿಗೆ ಪರೀಕ್ಷೆಯ ದಿನವೇ ಜ್ವರ ಬಂದರೆ, ಸಕ್ಕರೆ ಏರಿ ಕೂರುತ್ತದೆ. ಅವಳ ಮಾತನ್ನು ನಂಬುವುದಕ್ಕೆ ವೈದ್ಯರ ಬಳಿ ಯಾವ ಆಧಾರವೂ ಇರಲಿಲ್ಲ. ಕಳ್ಳ ಪಾರಾಗುತ್ತಿದ್ದ, ಪ್ರಾಮಾಣಿಕಳು ಬೈಸಿಕೊಳ್ಳುತ್ತಿದ್ದಳು. ಅಳತೆ ಇಲ್ಲದ ಕಡೆ ನ್ಯಾಯವೂ ಇರುವುದು ಕಷ್ಟ.

ಇನ್ನು ವ್ಯಾಜ್ಯದ ಮಾತಿಗೆ ಬರೋಣ. ೧೯೨೨ರ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ೧೪ ವರ್ಷದ ಹುಡುಗನಿಗೆ ಇನ್ಸುಲಿನ್ ಚುಚ್ಚಿದರು. ಅದುವರೆಗೆ ಒಂದೆರಡು ವರ್ಷಗಳಲ್ಲಿ ಬತ್ತಿ ಸಾಯುತ್ತಿದ್ದ ಮಕ್ಕಳು ಅಲ್ಲಿಂದಾಚೆ ಬೆಳೆದು ದೊಡ್ಡವರಾದರು, ಮದುವೆಯಾದರು, ಉದ್ಯೋಗ ಹಿಡಿದರು. ಲೋಕ ಸಂಭ್ರಮಪಟ್ಟಿತು. ಹದಿನೈದು ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಅದೇ ಮಕ್ಕಳ ಕಣ್ಣುಗಳಲ್ಲಿ ರಕ್ತ ಜಿನುಗತೊಡಗಿತು, ಮೂತ್ರಪಿಂಡಗಳು ಕೆಡತೊಡಗಿದವು. ಇನ್ಸುಲಿನ್ ಸಾವನ್ನು ಮುಂದೂಡಿತ್ತು, ರೋಗವನ್ನು ಗೆದ್ದಿರಲಿಲ್ಲ.

ಈ ಹಾನಿಗೆ ಕಾರಣವೇನು? ವೈದ್ಯಲೋಕ ಇಲ್ಲಿ ಇಬ್ಭಾಗವಾಯಿತು. ಬಾಸ್ಟನ್ನಿನ ಎಲಿಯಟ್ ಜೋಸ್ಲಿನ್ ಅವರ ಪಕ್ಷದ ಪ್ರಕಾರ ರಕ್ತದಲ್ಲಿ ಏರಿದ ಸಕ್ಕರೆಯೇ ಶತ್ರು. ಅಳೆದು ತೂಗಿ ಊಟ ಮಾಡಬೇಕು, ದಿನವೂ ಪರೀಕ್ಷಿಸಿಕೊಳ್ಳಬೇಕು, ಸಕ್ಕರೆಯನ್ನು ಹದ್ದಿನಲ್ಲಿಡಬೇಕು. ನ್ಯೂಯಾರ್ಕಿನ ಎಡ್ವರ್ಡ್ ಟಾಲ್‌ಸ್ಟಾಯ್ ಅವರದು ಇದಕ್ಕೆ ಎದುರು ಪಕ್ಷ. ರೋಗಿ ಇಳಿದುಹೋಗದೆ ಆರೋಗ್ಯವಾಗಿ ಓಡಾಡಿಕೊಂಡಿದ್ದರೆ ಸಾಕು, ಮೂತ್ರದಲ್ಲಿ ಸ್ವಲ್ಪ ಸಕ್ಕರೆ ಹೋದರೆ ಹೋಗಲಿ. ಬದುಕನ್ನೇ ಸೆರೆಮನೆ ಮಾಡುವುದೇಕೆ ಎಂದು ಅವರ ವಾದ. ಕಣ್ಣು, ಮೂತ್ರಪಿಂಡಗಳ ಹಾನಿ ರೋಗದ ಹುಟ್ಟಿನಲ್ಲೇ ಬರೆದಿರುವ ಹಣೆಬರಹ, ಸಕ್ಕರೆಯ ಹತೋಟಿಗೂ ಅದಕ್ಕೂ ಸಂಬಂಧವಿಲ್ಲ ಎನ್ನುವವರೂ ಇದ್ದರು. ಇದು ಪಂಡಿತರ ವಾಕ್ಯಾರ್ಥವಾಗಿ ಮಾತ್ರ ಉಳಿಯಲಿಲ್ಲ. ಮಗುವಿಗೆ ಹುಟ್ಟುಹಬ್ಬದ ದಿನ ಒಂದು ಚೂರು ಸಿಹಿ ಕೊಡಬೇಕೆ ಬೇಡವೆ ಎಂಬುದರಿಂದ ಹಿಡಿದು, ಅದರ ಕಣ್ಣು ಉಳಿಯುವುದೆ ಹೋಗುವುದೆ ಎಂಬುದರ ತನಕ ಎಲ್ಲವೂ ಈ ತೀರ್ಪಿನ ಮೇಲೆ ನಿಂತಿತ್ತು.

ತೀರ್ಪು ಬರದಿರಲು ಕಾರಣ ಬುದ್ಧಿಯ ಕೊರತೆಯಲ್ಲ, ಅಳತೆಗೋಲಿನ ಕೊರತೆ. ಯಾರ ಸಕ್ಕರೆ ವರ್ಷಗಟ್ಟಲೆ ಹತೋಟಿಯಲ್ಲಿತ್ತು, ಯಾರದು ಇರಲಿಲ್ಲ ಎಂದು ಮೊದಲು ಗೊತ್ತಾಗಬೇಕಷ್ಟೆ? ಹಗಲೂ ರಾತ್ರಿ ಸೂಜಿ ಚುಚ್ಚುತ್ತ ಒಬ್ಬ ರೋಗಿಯ ಹಿಂದೆಯೇ ಹತ್ತು ವರ್ಷ ಯಾರು ತಿರುಗಿಯಾರು? ಹೀಗಾಗಿ ಕೋಲೂ ಮುರಿಯಲಿಲ್ಲ, ಹಾವೂ ಸಾಯಲಿಲ್ಲ.

ಪರಿಹಾರ ಬಂದದ್ದು ಮಧುಮೇಹದ ವೈದ್ಯರಿಂದಲ್ಲ, ಪಕ್ಕದ ಬೀದಿಯಿಂದ. ರಕ್ತಕ್ಕೆ ಕೆಂಪು ಬಣ್ಣ ಕೊಟ್ಟು ಪ್ರಾಣವಾಯುವನ್ನು ಹೊತ್ತು ತಿರುಗುವ ವಸ್ತುವಿಗೆ ಹಿಮೋಗ್ಲೋಬಿನ್ ಎಂದು ಹೆಸರು. ೧೯೪೯ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು, ಕುಡಗೋಲು ರಕ್ತಕಣದ ರೋಗಿಗಳಲ್ಲಿ ಈ ಹಿಮೋಗ್ಲೋಬಿನ್ನೇ ಬೇರೆ ಬಗೆಯದೆಂದು ವಿದ್ಯುತ್ತಿನ ಸೆಳೆತದಲ್ಲಿ ಅದು ಚಲಿಸುವ ವೇಗದಿಂದ ತೋರಿಸಿಕೊಟ್ಟರು. ಅಲ್ಲಿಂದ ಮುಂದೆ, ಸಸ್ಯಶಾಸ್ತ್ರಜ್ಞರು ಕಾಡಿನಲ್ಲಿ ಹೊಸ ಗಿಡ ಹುಡುಕುವ ಹಾಗೆ, ದೇಶದೇಶಗಳ ವಿದ್ವಾಂಸರು ಹೊಸ ಹೊಸ ಹಿಮೋಗ್ಲೋಬಿನ್ನುಗಳನ್ನು ಹುಡುಕಲು ಹೊರಟರು. ಆರೋಗ್ಯವಂತರ ಹಿಮೋಗ್ಲೋಬಿನ್ ಕೂಡ ಏಕಜಾತಿಯದಲ್ಲ. ಬಹುಪಾಲಿನ ಜೊತೆಗೆ ಕೆಲವು ಚಿಲ್ಲರೆ ಅಂಶಗಳೂ ಇವೆ ಎಂದು ಗೊತ್ತಾಯಿತು. ೧೯೫೮ರಲ್ಲಿ ಹಾಲೆಂಡಿನ ಹ್ಯೂಸ್ಮನ್ ಮತ್ತು ಮೇಯರಿಂಗ್ ಒಂದು ಕಡೆ, ಕ್ಯಾಲಿಫೋರ್ನಿಯದ ಷ್ರೋಡರ್ ಮತ್ತು ಸಂಗಡಿಗರು ಇನ್ನೊಂದು ಕಡೆ, ಈ ಚಿಲ್ಲರೆಯನ್ನು ಬೇರ್ಪಡಿಸಿದರು. ಅವುಗಳಲ್ಲಿ ಒಂದಕ್ಕೆ ‘ಎ-ಒನ್-ಸಿ’ ಎಂಬ ಗುರುತು ಅಂಟಿತು. ಅದು ಏನು ಕೆಲಸಕ್ಕೆ ಬರುತ್ತದೆಂದು ಯಾರೂ ಕೇಳಲಿಲ್ಲ. ಅಂಗಡಿಯ ಮೂಲೆಯಲ್ಲಿ ಚೀಟಿ ಅಂಟಿಸಿಟ್ಟ ಡಬ್ಬದಂತೆ ಅದು ಹತ್ತು ವರ್ಷ ಕುಳಿತಿತ್ತು.

ನಡುವೆ ಒಮ್ಮೆ ಆ ಡಬ್ಬದ ಮುಚ್ಚಳ ತೆರೆಯುವ ಹಂತಕ್ಕೆ ಬಂದಿತ್ತು. ಅಮೆರಿಕಕ್ಕೆ ವಲಸೆ ಹೋಗಿದ್ದ ಹ್ಯೂಸ್ಮನ್ ಅವರು ೧೯೬೨ರಲ್ಲಿ ಡೋಜಿ ಎಂಬವರೊಡನೆ ಕೆಲಸ ಮಾಡುತ್ತಿದ್ದಾಗ, ಕೆಲವೇ ಮಂದಿ ಮಧುಮೇಹಿಗಳ ರಕ್ತದಲ್ಲಿ ಈ ಚಿಲ್ಲರೆ ಅಂಶ ಹೆಚ್ಚಾಗಿರುವುದನ್ನು ಕಂಡರು. ಆ ರೋಗಿಗಳು ಟಾಲ್ಬ್ಯುಟಮೈಡ್ ಎಂಬ ಗುಳಿಗೆಯನ್ನು ನುಂಗುತ್ತಿದ್ದರು. ಇದು ಗುಳಿಗೆಯ ಪ್ರಭಾವವಿರಬೇಕೆಂದು ತರ್ಕಿಸಿ ಅವರು ಮುಂದೆ ನಡೆದರು. ಬಾಗಿಲ ತನಕ ಹೋಗಿ ತಟ್ಟದೆ ಬಂದ ಹಾಗಾಯಿತು.

ತಟ್ಟಿದವರು ಸ್ಯಾಮ್ಯುಯೆಲ್ ರಹಬರ್. ರಹಬರ್ ಎಂದರೆ ಪಾರಸಿ ಭಾಷೆಯಲ್ಲಿ ದಾರಿ ತೋರಿಸುವವನು ಎಂದರ್ಥ. ಅವರು ೧೯೨೯ರಲ್ಲಿ ಇರಾನಿನ ಹಮದಾನ್ ನಗರದಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಟೆಹ್ರಾನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ, ಅಬಾದಾನ್ ಮತ್ತು ಟೆಹ್ರಾನುಗಳಲ್ಲಿ ಕೆಲವು ವರ್ಷ ರೋಗಿಗಳನ್ನು ನೋಡಿಕೊಂಡಿದ್ದು, ಮತ್ತೆ ವಿದ್ಯಾರ್ಥಿಯಾಗಿ ಅದೇ ವಿಶ್ವವಿದ್ಯಾಲಯದಿಂದ ೧೯೬೩ರಲ್ಲಿ ಡಾಕ್ಟರೇಟ್ ಪಡೆದರು. ನಡೆಯುತ್ತಿದ್ದ ವೃತ್ತಿಯನ್ನು ಬಿಟ್ಟು ಮೂವತ್ತು ದಾಟಿದ ಮೇಲೆ ಪುಸ್ತಕ ಹಿಡಿಯುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಇರಾನಿನ ಜನರಲ್ಲಿ ಯಾವ ಯಾವ ಅಸಾಮಾನ್ಯ ಹಿಮೋಗ್ಲೋಬಿನ್ನುಗಳಿವೆ ಎಂದು ಪಟ್ಟಿ ಮಾಡುವುದು ರಹಬರ್ ಅವರ ಉದ್ದೇಶವಾಗಿತ್ತು. ಅದಕ್ಕಾಗಿ ಆಸ್ಪತ್ರೆಗೆ ಬಂದ ಸುಮಾರು ೧,೨೦೦ ರೋಗಿಗಳ ರಕ್ತವನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸುತ್ತ ಹೋದರು. ಇದು ಅಕ್ಕಿಯಲ್ಲಿ ಕಲ್ಲು ಆರಿಸುವಂಥ ಕೆಲಸ. ನೂರರಲ್ಲಿ ತೊಂಬತ್ತೊಂಬತ್ತು ಸಲ ಏನೂ ಸಿಗುವುದಿಲ್ಲ. ಹೀಗೆ ಆರಿಸುತ್ತಿರುವಾಗ ಇಬ್ಬರ ರಕ್ತದಲ್ಲಿ, ಇರಬೇಕಾದ ಪಟ್ಟೆಯ ಮುಂದೆ, ಸ್ವಲ್ಪ ಬೇಗ ಓಡುವ ಇನ್ನೊಂದು ಪಟ್ಟೆ ಕಾಣಿಸಿತು. ಆ ಇಬ್ಬರ ಕಾಗದಪತ್ರಗಳನ್ನು ತೆಗೆಸಿ ನೋಡಿದರೆ, ಇಬ್ಬರೂ ಮಧುಮೇಹಿಗಳು!

ಇಲ್ಲಿ ಸ್ವಲ್ಪ ನಿಲ್ಲಬೇಕು. ಎರಡು ರೋಗಿಗಳೆಂದರೆ ಏನು ಮಹಾ? ಕಾಕತಾಳೀಯವೆಂದು ತಳ್ಳಿಹಾಕಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಹುಡುಕುತ್ತಿದ್ದುದು ಹುಟ್ಟಿನಿಂದ ಬಂದ ವಿಕಾರಗಳನ್ನೇ ಹೊರತು ಮಧುಮೇಹವನ್ನಲ್ಲ. ಆದರೂ ರಹಬರ್ ತಮ್ಮ ಪಟ್ಟಿಯನ್ನು ಬದಿಗಿಟ್ಟು, ಮಧುಮೇಹಿಗಳನ್ನೇ ಹುಡುಕಿಕೊಂಡು ಹೋಗಿ ೪೭ ಜನರ ರಕ್ತ ನೋಡಿದರು. ಎಲ್ಲರಲ್ಲಿಯೂ ಆ ಪಟ್ಟೆ ಇತ್ತು. ೧೯೬೮ರಲ್ಲಿ ಒಂದು ರಸಾಯನಶಾಸ್ತ್ರದ ಪತ್ರಿಕೆಯಲ್ಲಿ ಈ ಸಂಗತಿಯನ್ನು ಚಿಕ್ಕದಾಗಿ ಪ್ರಕಟಿಸಿದರು. ಕಂಡವರು ಹಲವರಿದ್ದರು, ಕೇಳಿದವರು ಇವರು.

ಮುಂದಿನ ಕೆಲಸಕ್ಕೆ ರಹಬರ್ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿಗೆ ಹೋದರು. ಅಲ್ಲಿ ಹೆಲೆನ್ ರ‍್ಯಾನಿ ಎಂಬ ರಕ್ತತಜ್ಞೆ ಇದ್ದರು. ಕುಡಗೋಲು ರಕ್ತಕಣದ ರೋಗದ ಮೇಲೆ ಹೆಸರಾಂತ ಕೆಲಸ ಮಾಡಿದ್ದ ಈಕೆ ಮುಂದೆ ೧೯೭೩ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ವಿಶ್ವವಿದ್ಯಾಲಯದ ವೈದ್ಯವಿಭಾಗದ ಮುಖ್ಯಸ್ಥೆಯಾದರು. ಇವರಿಬ್ಬರೂ ಓಲ್ಗಾ ಬ್ಲೂಮನ್‌ಫೆಲ್ಡರೊಡನೆ ಸೇರಿ ೧೯೬೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಟೆಹ್ರಾನಿನಲ್ಲಿ ಕಂಡ ಆ ಪಟ್ಟೆ ಬೇರೇನೂ ಅಲ್ಲ, ಮೂಲೆಯ ಡಬ್ಬದಲ್ಲಿದ್ದ ‘ಎ-ಒನ್-ಸಿ’ಯೇ ಎಂಬುದು ಸ್ಪಷ್ಟವಾಯಿತು. ಅದರ ಮೈಗೆ ಅಂಟಿಕೊಂಡಿರುವುದು ಸಕ್ಕರೆಯ ಅಣುವೆಂದು ಬುಕ್‌ಚಿನ್ ಮತ್ತು ಗ್ಯಾಲಪ್ ಎಂಬವರು ೧೯೬೮ರಲ್ಲಿಯೇ ತೋರಿಸಿದ್ದರು. ಎಳೆಗಳು ಕೂಡಿಕೊಂಡವು. ಮಧುಮೇಹಿಗಳಲ್ಲಿ ಇದು ಉಳಿದವರಿಗಿಂತ ಸುಮಾರು ಎರಡರಷ್ಟಿರುತ್ತದೆ.

ಒಂದು ಸಂಶಯ ಮಾತ್ರ ಉಳಿದಿತ್ತು. ಈ ಎ-ಒನ್-ಸಿ ಮಧುಮೇಹಿಗಳಿಗೆ ಹುಟ್ಟಿನಿಂದಲೇ ಹೆಚ್ಚಾಗಿದ್ದರೆ? ಹಾಗಿದ್ದಲ್ಲಿ ಅದು ಸಕ್ಕರೆಯ ಲೆಕ್ಕವಲ್ಲ, ವಂಶದ ಗುರುತು ಅಷ್ಟೆ. ಇದನ್ನು ತೀರ್ಮಾನಿಸಿದ ಉಪಾಯ ಎಷ್ಟು ಸರಳವೋ ಅಷ್ಟೇ ಸೊಗಸು. ಲಂಡನ್ನಿನ ಟ್ಯಾಟರ್‌ಸಾಲ್ ಮತ್ತು ಪೈಕ್ ಎಂಬ ವೈದ್ಯರು ಒಂದೇ ಅಚ್ಚಿನ ಅವಳಿಗಳನ್ನು ಅಭ್ಯಾಸ ಮಾಡುತ್ತಿದ್ದರು. ಒಬ್ಬನಿಗೆ ಮಧುಮೇಹವಿದ್ದು ಇನ್ನೊಬ್ಬನಿಗೆ ಇಲ್ಲದ ಅವಳಿಗಳೂ ಅವರಲ್ಲಿದ್ದರು. ರ‍್ಯಾನಿಯವರೊಡನೆ ಸೇರಿ ೧೯೭೫ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ರೋಗವಿದ್ದ ಅವಳಿಯಲ್ಲಿ ಎ-ಒನ್-ಸಿ ಹೆಚ್ಚು. ರೋಗವಿಲ್ಲದ ಅವಳಿಯಲ್ಲಿ ಇಲ್ಲ. ತಾಯಿ ಒಬ್ಬಳೇ, ರಕ್ತ ಒಂದೇ. ಸಕ್ಕರೆ ಮಾತ್ರ ಬೇರೆ. ಹಾಗಾದರೆ ಎ-ಒನ್-ಸಿಯನ್ನು ಹೆಚ್ಚಿಸಿದ್ದು ಸಕ್ಕರೆಯೇ.

ಈ ಅಂಟುವ ಕೆಲಸ ನಡೆಯುವುದು ಹೇಗೆ? ವಾಚಕರು ಇದನ್ನು ದಿನವೂ ಕಂಡಿರುತ್ತಾರೆ. ರೊಟ್ಟಿಯ ಮೈ ಕೆಂಪಗಾಗುವಾಗ, ಹಾಲು ಕುದಿದು ಖೋವಾ ಕಂದುಬಣ್ಣಕ್ಕೆ ತಿರುಗುವಾಗ, ಸಕ್ಕರೆಯೂ ಸಸಾರಜನಕದ ಅಂಶವೂ ತಾವಾಗಿಯೇ ಕೂಡಿಕೊಳ್ಳುತ್ತಿರುತ್ತವೆ. ಫ್ರಾನ್ಸಿನ ಲೂಯಿ ಮಯ್ಯಾರ್ ೧೯೧೨ರಲ್ಲಿ ವರ್ಣಿಸಿದ ಈ ಕ್ರಿಯೆಯ ಮೊದಲ ಹೆಜ್ಜೆಯೇ ನಮ್ಮ ಮೈಯ ಮಂದ ಶಾಖದಲ್ಲಿ ಬಹಳ ನಿಧಾನವಾಗಿ ನಡೆಯುತ್ತದೆ. ಕೆಂಪು ರಕ್ತಕಣದೊಳಕ್ಕೆ ಸಕ್ಕರೆ ಹೋಗಲು ಇನ್ಸುಲಿನ್ನಿನ ಅಪ್ಪಣೆ ಬೇಕಿಲ್ಲ. ಹೊರಗೆ ಎಷ್ಟಿದೆಯೋ ಒಳಗೂ ಹೆಚ್ಚುಕಡಿಮೆ ಅಷ್ಟು. ಅಲ್ಲಿ ಸಕ್ಕರೆಯ ಅಣು ಹಿಮೋಗ್ಲೋಬಿನ್ನಿನ ಸರಪಳಿಯ ತುದಿಗೆ ಮೊದಲು ಸಡಿಲವಾಗಿ ತಗುಲಿಕೊಳ್ಳುತ್ತದೆ, ಆಮೇಲೆ ಬಿಗಿಯಾಗುತ್ತದೆ. ಒಮ್ಮೆ ಬಿಗಿಯಾದ ಗಂಟು ಆ ಕಣ ಸಾಯುವ ತನಕ ಬಿಚ್ಚುವುದಿಲ್ಲವೆಂದೇ ಹೇಳಬಹುದು. ಕಣದ ಆಯುಸ್ಸು ಸುಮಾರು ೧೨೦ ದಿನ. ಬಾಸ್ಟನ್ನಿನ ಫ್ರ್ಯಾಂಕ್ಲಿನ್ ಬನ್ ಮತ್ತು ಸಂಗಡಿಗರು ವಿಕಿರಣದಿಂದ ಗುರುತುಮಾಡಿದ ಕಬ್ಬಿಣವನ್ನು ಮನುಷ್ಯರ ಮೈಗೆ ಸೇರಿಸಿ, ಹೊಸ ಕಣಗಳು ಹಳತಾಗುತ್ತ ಹೋದಂತೆ ಅವುಗಳಲ್ಲಿ ಎ-ಒನ್-ಸಿ ದಿನದಿನಕ್ಕೆ ಏರುವುದನ್ನು ೧೯೭೬ರಲ್ಲಿ ತೋರಿಸಿದರು.

ಅದೇ ವರ್ಷ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ರೊನಾಲ್ಡ್ ಕೇನಿಗ್, ಆಂಟನಿ ಸೆರಾಮಿ ಮತ್ತು ಸಂಗಡಿಗರು ಕೊನೆಯ ಹೆಜ್ಜೆಯನ್ನಿಟ್ಟರು. ಸಕ್ಕರೆ ಹತೋಟಿ ತಪ್ಪಿದ್ದ ಐವರು ರೋಗಿಗಳನ್ನು ಆಸ್ಪತ್ರೆಯಲ್ಲಿರಿಸಿ ಅದನ್ನು ಹತೋಟಿಗೆ ತಂದರು. ವಾರಗಳು ಕಳೆದಂತೆ ಅವರ ಎ-ಒನ್-ಸಿ ಸರಾಸರಿ ಶೇಕಡ ೯.೮ರಿಂದ ೫.೮ಕ್ಕೆ ಇಳಿಯಿತು. ಇದನ್ನು ನೋಡಿ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳಬಹುದು ಎಂದಾಯಿತು. ಆ ಮೊತ್ತದಲ್ಲಿ ಸುಮಾರು ಅರ್ಧ ಪಾಲು ಕೊನೆಯ ಒಂದು ತಿಂಗಳದ್ದು. ಎರಡು ದಿನದ ಉಪವಾಸ ಅದನ್ನು ಅಲ್ಲಾಡಿಸಲಾರದು. ಒಂದು ದಿನದ ಜ್ವರ ಅದನ್ನು ಕೆಡಿಸಲಾರದು. ಕಳ್ಳನಿಗೂ ಪ್ರಾಮಾಣಿಕಳಿಗೂ ಕೊನೆಗೆ ನ್ಯಾಯ ಸಿಕ್ಕಿತು.

ಅಳತೆಗೋಲು ಸಿಕ್ಕಿದ ಮೇಲೆ ಹಳೆಯ ವ್ಯಾಜ್ಯವನ್ನು ಮತ್ತೆ ವಿಚಾರಣೆಗೆ ತೆಗೆದುಕೊಂಡರು. ೧೯೮೩ರಲ್ಲಿ ಅಮೆರಿಕ ಮತ್ತು ಕೆನಡಗಳ ೨೯ ಕೇಂದ್ರಗಳಲ್ಲಿ ಒಂದು ಪರೀಕ್ಷೆ ಆರಂಭವಾಯಿತು. ಇನ್ಸುಲಿನ್ನನ್ನೇ ನಂಬಿದ ೧,೪೪೧ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಎಂದಿನ ಚಿಕಿತ್ಸೆ, ಇನ್ನೊಂದಕ್ಕೆ ಬಿಗಿಯಾದ ಹತೋಟಿ. ಎ-ಒನ್-ಸಿ ಮೊದಲ ಗುಂಪಿನಲ್ಲಿ ೯ರ ಸುತ್ತ, ಎರಡನೆಯದರಲ್ಲಿ ೭ರ ಸುತ್ತ ಇತ್ತು. ೧೯೯೩ರಲ್ಲಿ ಫಲಿತಾಂಶ ಹೊರಬಂತು. ಕಣ್ಣಿಗೆ ಇನ್ನೂ ತೊಂದರೆ ಬಾರದಿದ್ದವರಲ್ಲಿ, ಬಿಗಿಯಾದ ಹತೋಟಿ ಕಣ್ಣಿನ ರೋಗ ತಲೆದೋರುವ ಸಂಭವವನ್ನು ಶೇಕಡ ೭೬ರಷ್ಟು ತಗ್ಗಿಸಿತ್ತು. ಮೂತ್ರಪಿಂಡ, ನರಗಳ ವಿಷಯದಲ್ಲಿಯೂ ಲಾಭ ದೊಡ್ಡದಾಗಿತ್ತು. ಬ್ರಿಟನ್ನಿನಲ್ಲಿ ೧೯೭೭ರಿಂದ ನಡೆದ ಇನ್ನೊಂದು ಪರೀಕ್ಷೆ, ನಡುವಯಸ್ಸಿನಲ್ಲಿ ಬರುವ ಮಧುಮೇಹಕ್ಕೂ ಈ ಮಾತು ಅನ್ವಯಿಸುತ್ತದೆಂದು ೧೯೯೮ರಲ್ಲಿ ಖಚಿತಪಡಿಸಿತು. ಹಣೆಬರಹವೆಂದು ಬಿಟ್ಟದ್ದು ಹಣೆಬರಹವಾಗಿರಲಿಲ್ಲ. ಜೋಸ್ಲಿನ್ ಆ ಹೊತ್ತಿಗೆ ತೀರಿಕೊಂಡು ಮೂವತ್ತು ವರ್ಷಗಳಾಗಿದ್ದವು.

ಕೋಲು ಒಳ್ಳೆಯದಾದರೂ ಅದರ ಉದ್ದ ಎಲ್ಲ ಕಡೆ ಒಂದೇ ಆಗಿರಬೇಕಲ್ಲ. ಹಿಂದೆ ನಮ್ಮಲ್ಲಿ ಊರಿಗೊಂದು ಸೇರು, ಸಂತೆಗೊಂದು ಕೊಳಗ ಇದ್ದ ಹಾಗೆ, ಪರೀಕ್ಷಾಲಯಕ್ಕೊಂದು ಎ-ಒನ್-ಸಿ ಇತ್ತು. ಅಮೆರಿಕದಲ್ಲಿ ೧೯೯೬ರಲ್ಲಿ ಎಲ್ಲವನ್ನೂ ಒಂದು ಮಟ್ಟಕ್ಕೆ ತರುವ ವ್ಯವಸ್ಥೆ ಆರಂಭವಾಯಿತು. ಆಮೇಲೆ ಅಂತರರಾಷ್ಟ್ರೀಯ ಮಾನವೂ ಸಿದ್ಧವಾಯಿತು. ೨೦೦೮ರಲ್ಲಿ ಎ-ಒನ್-ಸಿಯನ್ನು ಸಾಮಾನ್ಯ ಸಕ್ಕರೆಯ ಅಂಕಿಗೆ ತಿರುಗಿಸುವ ಸೂತ್ರ ಬಂತು. ಅದರಂತೆ ಶೇಕಡ ೬ ಎಂದರೆ ಸರಾಸರಿ ೧೨೬, ೭ ಎಂದರೆ ೧೫೪, ೮ ಎಂದರೆ ೧೮೩ ಮಿಲಿಗ್ರಾಂ. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಎ-ಒನ್-ಸಿ ೬.೫ ಮುಟ್ಟಿದರೆ ಮಧುಮೇಹವೆಂದು ಗುರುತಿಸಬಹುದೆಂದು ಒಪ್ಪಿತು.

ಆದರೆ ಯಾವ ಸಾಕ್ಷಿಯನ್ನೂ ಪಾಟೀಸವಾಲಿಲ್ಲದೆ ನಂಬಬಾರದು. ಈ ಗುಮಾಸ್ತ ಲೆಕ್ಕ ಬರೆಯುವುದು ಕೆಂಪು ಕಣದ ಆಯುಸ್ಸಿನ ಮೇಲೆ. ಆಯುಸ್ಸೇ ಹೆಚ್ಚುಕಡಿಮೆಯಾದರೆ ಲೆಕ್ಕ ತಪ್ಪುತ್ತದೆ. ಕಣಗಳು ಅಕಾಲದಲ್ಲಿ ಒಡೆಯುವ ರೋಗಗಳಲ್ಲಿ ಎ-ಒನ್-ಸಿ ಸುಳ್ಳುಸುಳ್ಳೇ ಕಡಿಮೆ ತೋರುತ್ತದೆ; ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಸುಳ್ಳುಸುಳ್ಳೇ ಹೆಚ್ಚು ತೋರಬಹುದು. ರಕ್ತಹೀನತೆ ಮನೆಮನೆಯಲ್ಲಿರುವ ನಮ್ಮ ನಾಡಿನಲ್ಲಿ, ಅದರಲ್ಲಿಯೂ ಹೆಂಗಸರ ವಿಷಯದಲ್ಲಿ, ಈ ಮಾತನ್ನು ಮರೆಯುವಂತಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಡಗೋಲು ರಕ್ತಕಣದ ರೋಗವುಂಟು. ಅಂಥವರ ರಕ್ತವನ್ನು ಈ ಕೋಲಿನಿಂದಲೇ ಅಳೆದು ನಿಶ್ಚಿಂತರಾಗುವುದು ಅಪಾಯ. ಜಾಣ ವೈದ್ಯರು ಇಂಥಲ್ಲಿ ಹಳೆಯ ರಕ್ತಪರೀಕ್ಷೆಯನ್ನೂ ಜೊತೆಗಿಟ್ಟುಕೊಂಡೇ ತೀರ್ಪು ಹೇಳುತ್ತಾರೆ.

ಇನ್ನೊಂದು ಅಪಾಯ ಕೋಲಿನದಲ್ಲ, ಹಿಡಿದ ಕೈಯದು. ೭ ಒಳ್ಳೆಯದಾದರೆ ೬ ಇನ್ನೂ ಒಳ್ಳೆಯದಲ್ಲವೆ ಎಂದು ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷೆ ನಡೆಸಿದರು. ಇವರು ಹೃದ್ರೋಗದ ಭಯವುಳ್ಳ, ವಯಸ್ಸಾದ ರೋಗಿಗಳು. ಸಕ್ಕರೆಯನ್ನು ಅತಿಯಾಗಿ ಹಿಂಡಿದ ಗುಂಪಿನಲ್ಲಿ ಸತ್ತವರು ೨೫೭, ಇನ್ನೊಂದರಲ್ಲಿ ೨೦೩. ೨೦೦೮ರ ಫೆಬ್ರುವರಿಯಲ್ಲಿ ಆ ಚಿಕಿತ್ಸೆಯನ್ನು ನಿಲ್ಲಿಸಬೇಕಾಯಿತು. ೧೯೯೩ರ ಪರೀಕ್ಷೆಯಲ್ಲಿ ಕೂಡ, ಬಿಗಿಯಾದ ಹತೋಟಿಯ ಗುಂಪಿನವರಲ್ಲಿ ಸಕ್ಕರೆ ಅತಿಯಾಗಿ ಕುಸಿದು ಇನ್ನೊಬ್ಬರ ನೆರವು ಬೇಕಾಗುವ ಪ್ರಸಂಗಗಳು ಮೂರರಷ್ಟಾಗಿದ್ದವು. ಟಾಲ್‌ಸ್ಟಾಯ್ ಅವರ ವಾದ ಸೋತರೂ, ಬದುಕನ್ನು ಸೆರೆಮನೆ ಮಾಡಬೇಡಿ ಎಂಬ ಅವರ ಮಾತಿನಲ್ಲಿದ್ದ ಕಾಳಜಿ ಪೂರ್ತಿ ಸೋಲಲಿಲ್ಲ. ಯೌವನದವನಿಗೆ ಹಿತವಾದ ಅಂಕಿ ಎಂಬತ್ತರ ಅಜ್ಜಿಗೆ ಹಿತವಾಗಬೇಕೆಂದಿಲ್ಲ. ಮಗನ ಮುಂದೆ, ಸೊಸೆಯ ಮುಂದೆ ಚೀಟಿಯನ್ನು ಹಿಡಿದು ಮುದುಕರನ್ನು ಗದರಿಸುವ ಮನೆಗಳನ್ನು ನಾನು ಕಂಡಿದ್ದೇನೆ. ಅಂಕಿ ಬಂದದ್ದು ರೋಗಿಯ ಕಣ್ಣುಳಿಸುವುದಕ್ಕೆ, ಅವನ ಮಾನ ಕಳೆಯುವುದಕ್ಕಲ್ಲ.

ದಾರಿ ತೋರಿಸಿದವರು ಏನಾದರು? ೧೯೭೯ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಅದಾದ ಮೇಲೆ ರಹಬರ್ ತಾಯ್ನಾಡನ್ನು ಬಿಟ್ಟು ಅಮೆರಿಕಕ್ಕೆ ಹೋದರು. ಕ್ಯಾಲಿಫೋರ್ನಿಯದ ಸಿಟಿ ಆಫ್ ಹೋಪ್ ಸಂಸ್ಥೆಯಲ್ಲಿ, ಸಕ್ಕರೆ ಹೀಗೆ ಮೈಯ ಅಂಗಾಂಶಗಳಿಗೆ ಅಂಟಿ ಮಾಡುವ ಹಾನಿಯನ್ನು ತಡೆಯುವ ಔಷಧಗಳನ್ನು ಹುಡುಕುತ್ತ ಕೆಲಸ ಮಾಡಿದರು. ಅವರ ಪರೀಕ್ಷೆ ಜಗತ್ತಿನ ಮೂಲೆಮೂಲೆಗೆ ಹೋಯಿತು, ಹೆಸರು ಹೋಗಲಿಲ್ಲ. ಅಮೆರಿಕದ ಮಧುಮೇಹ ಸಂಘ ಅವರ ಹೆಸರಿನಲ್ಲಿಯೇ ಒಂದು ಪ್ರಶಸ್ತಿಯನ್ನು ಸ್ಥಾಪಿಸಿ, ಮೊದಲನೆಯದನ್ನು ಅವರಿಗೇ ಕೊಟ್ಟಿತು. ಅದು ೨೦೧೨ರಲ್ಲಿ, ಟೆಹ್ರಾನಿನ ಆ ಪಟ್ಟೆ ಕಂಡು ನಲವತ್ತನಾಲ್ಕು ವರ್ಷಗಳಾದ ಮೇಲೆ. ಅದೇ ವರ್ಷದ ನವೆಂಬರಿನಲ್ಲಿ ಅವರು ತೀರಿಕೊಂಡರು.

೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ೧೦.೧ ಕೋಟಿ ಜನ ಮಧುಮೇಹಿಗಳು. ಇವರಲ್ಲಿ ಎಷ್ಟೋ ಜನರ ಕಣ್ಣನ್ನು ಕಾಯಬಲ್ಲ ಸಾಕ್ಷಿ ಅವರವರ ರಕ್ತದಲ್ಲಿಯೇ ಇದೆ. ಅದನ್ನು ಮೊದಲು ಕೇಳಿಸಿಕೊಂಡದ್ದು ಹೆಸರಾಂತ ಪಾಶ್ಚಾತ್ಯ ಪೀಠಗಳಲ್ಲಿ ಅಲ್ಲ. ಟೆಹ್ರಾನಿನ ಒಂದು ಪ್ರಯೋಗಶಾಲೆಯಲ್ಲಿ, ಬೇರೇನನ್ನೋ ಹುಡುಕುತ್ತಿದ್ದ ಒಬ್ಬ ವೈದ್ಯ ಎರಡೇ ಎರಡು ಪಟ್ಟೆಗಳನ್ನು ಕಂಡು, ಈ ಇಬ್ಬರು ಯಾರು ಎಂದು ವಿಚಾರಿಸುವ ತಾಳ್ಮೆ ತೋರಿಸಿದ್ದರಿಂದ. ಸಾಕ್ಷಿ ತನ್ನ ಕೆಲಸ ಮಾಡಿದೆ. ಅದರ ಮಾತನ್ನು ತೂಗಿ ನೋಡಿ, ಮನುಷ್ಯನ ಮುಖ ನೋಡಿ, ತೀರ್ಪು ಬರೆಯಬೇಕಾದವರು ವೈದ್ಯರು ಮತ್ತು ನಾವು.